ಬೀಡಿ ಬಿಟ್ಟ ಮೇಲಿನ ಒಂದು ವರ್ಷ

ಬೀಡಿ, ಸಿಗರೇಟು ಸೇದುವುದರಿಂದಾಗುವ ಕೇಡಿನ ವಿಚಾರವಾಗಿ ನಮ್ಮ ಬೆಳೆಗಾರ ಬಂಧುಗಳಿಗೆ ಹೊಸದಾಗಿ ಹೇಳಬೇಕಾದುದು ಏನೂ ಇಲ್ಲ. ಪೊಟ್ಟಣದ ಮೇಲೆಯೇ ಚಿತ್ರಸಮೇತ ಮುದ್ರಿಸಿರುತ್ತಾರೆ. ಬಿಡಬೇಕೆಂದು ಮನಸ್ಸು ಮಾಡಿ, ಬಿಟ್ಟೂ ತೋರಿಸಿದವರು ನಮ್ಮ ನಡುವೆ ಅನೇಕರಿದ್ದಾರೆ. ಅಂಥವರಿಗಾಗಿಯೇ ಈ ಲೇಖನ. ಬಿಡುವುದು ಹೇಗೆಂದು ಹೇಳುವವರು ಬೇಕಾದಷ್ಟು ಮಂದಿ. ಬಿಟ್ಟ ಮೂರನೆಯ ತಿಂಗಳಲ್ಲೋ ಆರನೆಯ ತಿಂಗಳಲ್ಲೋ ಇದ್ದಕ್ಕಿದ್ದಂತೆ ತಲೆಯೆತ್ತುವ ಚಪಲವನ್ನು ಏನು ಮಾಡಬೇಕೆಂದು ಹೇಳುವವರು ಕಡಿಮೆ.

‘ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ನಿನ್ನೆ ಕಣದಲ್ಲಿ ಕೂತಿದ್ದಾಗ ಒಂದು ಸೇದಲೇಬೇಕು ಅನ್ನಿಸಿಬಿಟ್ಟಿತು’ ಎಂಬಂಥ ಮಾತು ಬಿಟ್ಟವರ ಬಾಯಲ್ಲಿ ಸಾಮಾನ್ಯವಾಗಿ ಕೇಳಬರುತ್ತದೆ. ಹೀಗಾದಾಗ ಕೆಲವರು, ಇದು ತಮ್ಮಿಂದ ಆಗುವ ಕೆಲಸವಲ್ಲವೆಂದು ಕೈಚೆಲ್ಲಿ ಮತ್ತೆ ಕಡ್ಡಿ ಗೀರುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನೂ ಹೇಳುತ್ತಾರೆ. ಆದರೆ ಬೀಡಿ ಯಾರ ಹುಟ್ಟುಗುಣವೂ ಅಲ್ಲ. ನಡುವೆ ಬಂದದ್ದು, ನಡುವೆಯೇ ಹೋಗಬಲ್ಲದು. ತಿಂಗಳುಗಳ ನಂತರ ಬರುವ ಚಪಲ ಸೋಲಿನ ಗುರುತಲ್ಲ. ಅದು ಏಕೆ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ ಎಂದು ತಿಳಿದುಕೊಂಡರೆ ಅದನ್ನು ಎದುರಿಸುವ ದಾರಿಯೂ ಕಾಣುತ್ತದೆ.

ದೇಹ ಬೇಗ ಬಿಡುತ್ತದೆ, ಅಭ್ಯಾಸ ಬೇಗ ಬಿಡದು

ಹೊಗೆಯೊಡನೆ ಒಳಸೇರುವ ನಿಕೋಟಿನ್ ಎಂಬ ವಸ್ತುವೇ ಈ ಚಟದ ಬೇರು. ಅದು ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿಯೆಲ್ಲ ನಿದ್ದೆ ಮಾಡಿ ಎದ್ದಾಗ ಮೊದಲ ಬೀಡಿಗೆ ಕೈ ಹುಡುಕುವುದು ಇದರಿಂದಲೇ. ಬಿಟ್ಟ ಎರಡು ಮೂರು ದಿನಗಳಲ್ಲಿ ಅದು ಮೈಯಿಂದ ಬಹುಮಟ್ಟಿಗೆ ಹೊರಹೋಗುತ್ತದೆ. ಆ ದಿನಗಳೇ ಅತಿ ಕಷ್ಟದವು: ಸಿಡುಕು, ತಲೆನೋವು, ನಿದ್ದೆಗೇಡು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಕೆಲವರಿಗೆ ಮಲಬದ್ಧತೆ. ಮೂರು ನಾಲ್ಕು ವಾರಗಳೊಳಗೆ ಇವುಗಳಲ್ಲಿ ಹೆಚ್ಚಿನವು ಇಳಿದುಹೋಗುತ್ತವೆ. ಕೆಮ್ಮು ಮಾತ್ರ ಕೆಲವರಿಗೆ ಮೊದಲು ತುಸು ಹೆಚ್ಚಾಗುವುದುಂಟು. ಹೊಗೆಯಿಂದ ಜಡವಾಗಿದ್ದ ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಕೆಲಸ ಹಿಡಿದು ಕಫವನ್ನು ಹೊರದೂಡುವುದು ಇದಕ್ಕೆ ಕಾರಣ. ಹೆದರಬೇಕಾದುದಿಲ್ಲ.

ಹಾಗಾದರೆ ಐದಾರು ತಿಂಗಳಾದ ಮೇಲೆ ಬರುವ ಸೆಳೆತ ಎಲ್ಲಿಯದು? ಅದು ಮೈಯಲ್ಲಿ ಉಳಿದ ನಿಕೋಟಿನ್ನಿನದಲ್ಲ, ನೆನಪಿನದು. ಹತ್ತಿಪ್ಪತ್ತು ವರ್ಷಗಳ ಕಾಲ ದಿನಕ್ಕೆ ಹತ್ತು ಬಾರಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಒಂದೇ ಕೆಲಸದ ಜೊತೆಗೆ ಸೇದಿದವನ ಮೆದುಳು ಆ ಜಾಗ, ಹೊತ್ತು, ಕೆಲಸಗಳನ್ನೆಲ್ಲ ಬೀಡಿಗೆ ಗಂಟುಹಾಕಿ ಇಟ್ಟಿರುತ್ತದೆ. ಜಾಗ ಕಂಡೊಡನೆ ಗಂಟು ಜಗ್ಗುತ್ತದೆ. ಆ ಜಾಗದಲ್ಲಿ ಹಲವು ಸಲ ಸೇದದೆ ಕುಳಿತೆದ್ದ ಮೇಲೆ ಗಂಟು ಸಡಿಲವಾಗುತ್ತದೆ. ಬೇರೆ ಉಪಾಯವಿಲ್ಲ. ನಮ್ಮಂಥ ತೋಟಗಾರರ ಕಷ್ಟ ವಿಶೇಷವಾಗಿರುವುದೂ ಇಲ್ಲಿಯೇ. ಕಚೇರಿಯಲ್ಲಿ ದುಡಿಯುವವನಿಗೆ ವರ್ಷದ ದಿನಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆ. ಒಂದು ತಿಂಗಳಲ್ಲಿ ಅವನು ತನ್ನ ಗಂಟುಗಳಲ್ಲಿ ಬಹುಪಾಲನ್ನು ಕಂಡಿರುತ್ತಾನೆ. ನಮ್ಮ ಕೆಲಸ ಋತುವಿಗೊಂದು ಬಗೆ. ಆಷಾಢದ ಮಳೆಯಲ್ಲಿ ಬೀಡಿ ಬಿಟ್ಟವನು ಕುಯ್ಲಿನ ಬೀಡಿಯನ್ನು ಇನ್ನೂ ಬಿಟ್ಟಿರುವುದಿಲ್ಲ. ಆ ಪರೀಕ್ಷೆ ಡಿಸೆಂಬರಿನಲ್ಲಿ ಬರುತ್ತದೆ. ಆದ್ದರಿಂದ ತೋಟದ ಕೆಲಸದ ಒಂದು ಪೂರ್ತಿ ಸುತ್ತು ಹೊಗೆಯಿಲ್ಲದೆ ಮುಗಿಯುವ ತನಕ ಎಚ್ಚರ ತಪ್ಪಬಾರದು.

ಇದು ನಮಗೆ ಅಪರಿಚಿತವಾದ ಲೆಕ್ಕವಲ್ಲ. ಅಡಿಕೆಗೆ ಕೊಳೆರೋಗದ ವಿರುದ್ಧ ಮುಂಗಾರಿನ ಆರಂಭದಲ್ಲಿ ಬೋರ್ಡೋ ದ್ರಾವಣ ಹೊಡೆದು ಸುಮ್ಮನೆ ಕುಳಿತರೆ ಸಾಲದು, 40-45 ದಿನಗಳ ನಂತರ ಎರಡನೆಯ ಸಿಂಪರಣೆ ಆಗಲೇಬೇಕೆಂದು ನಾವೆಲ್ಲ ಬಲ್ಲೆವು. ಬೀಡಿ ಬಿಟ್ಟ ದಿನ ಮೊದಲನೆಯ ಸಿಂಪರಣೆ. ಅನಂತರದ ತಿಂಗಳುಗಳ ಎಚ್ಚರಿಕೆ ಎರಡನೆಯದು.

ಕೆಲಸದ ಸುತ್ತಿನಲ್ಲಿ ಚಪಲದ ಹೊತ್ತುಗಳು

ಮಳೆಗಾಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಬಳಿ ಹೊದ್ದು ತೋಟ ಸುತ್ತಿ ಬಂದವನಿಗೆ ಒಲೆಯ ಮುಂದೆ ಕೂತು ಒಂದು ಬೀಡಿ ಎಳೆದರೆ ಮೈ ಬೆಚ್ಚಗಾದೀತು ಎನ್ನಿಸುತ್ತದೆ. ನಿಜಸ್ಥಿತಿ ಇದಕ್ಕೆ ವಿರುದ್ಧ. ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಕೈಕಾಲಿನ ಬೆರಳುಗಳು ಇನ್ನಷ್ಟು ತಣ್ಣಗಾಗುತ್ತವೆ. ಬೆಚ್ಚಗಾಗಿಸುವುದು ಒಲೆಯೇ ಹೊರತು ಬೀಡಿಯಲ್ಲ. ಒಂದು ಲೋಟ ಬಿಸಿ ಜೀರಿಗೆ ಕಷಾಯ ಆ ಹೊತ್ತಿಗೆ ಸಿದ್ಧವಿರಲಿ. ಇಂಬಳಕ್ಕೆಂದು ಹೊಗೆಸೊಪ್ಪನ್ನು ಸೊಂಟದಲ್ಲಿ ಇಟ್ಟುಕೊಳ್ಳುವವರು ಉಪ್ಪಿನ ಗಂಟಿಗೆ ಬದಲಾಯಿಸಿಕೊಳ್ಳುವುದು ಮೇಲು. ಬಿಟ್ಟ ವಸ್ತುವನ್ನು ಸೊಂಟದಲ್ಲೇ ಹೊತ್ತು ತಿರುಗುವುದು ಜಾಣತನವಲ್ಲ.

ಕುಯ್ಲು: ನವೆಂಬರ್‌ನಿಂದ ಫೆಬ್ರವರಿ ಕಳೆಯುವವರೆಗೆ ಕಾಫಿ ಹಣ್ಣಿನ ಕುಯ್ಲು, ಅಡಿಕೆ ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಒಟ್ಟಿಗೆ ಬರುತ್ತವೆ. ವರ್ಷದ ಅತ್ಯಂತ ಅಪಾಯದ ಕಾಲ ಇದೇ. ಆಳು ಸಿಗದ ಚಿಂತೆ, ಮೋಡ ಕವಿದರೆ ಅಂಗಳದಲ್ಲಿ ಹರವಿದ ಮಾಲಿನ ಚಿಂತೆ, ಪೇಟೆಯ ಧಾರಣೆಯ ಚಿಂತೆ ಒಂದೆಡೆ. ಇನ್ನೊಂದೆಡೆ, ಸಂಜೆ ಹಣ್ಣು ಅಳೆಯುವ ಹೊತ್ತಿಗೆ ಹತ್ತು ಜನ ಸೇರುತ್ತಾರೆ. ರಾತ್ರಿ ಸುಲಿಯುವ ಚಪ್ಪರದಲ್ಲಿ ಮಾತು, ನಗು, ಜೊತೆಗೆ ಬೀಡಿಕಟ್ಟು. ‘ಒಂದು ಎಳೆಯಿರಿ ಮಾರಾಯ್ರೆ, ಒಂದರಲ್ಲಿ ಏನಾಗ್ತದೆ?’ ಎಂದು ಪ್ರೀತಿಯಿಂದಲೇ ಕೊಡುತ್ತಾರೆ. ಇದಕ್ಕೆ ಉತ್ತರವನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳತಕ್ಕದ್ದು: ‘ಬೇಡ ಮಾರಾಯ್ರೆ, ಬಿಟ್ಟಿದ್ದೇನೆ.’ ಅಷ್ಟೇ ಸಾಕು. ‘ಬಿಡಲು ನೋಡ್ತಾ ಇದ್ದೇನೆ’ ಎಂದರೆ ಎದುರಿನವರು ಇನ್ನೊಮ್ಮೆ ಒತ್ತಾಯಿಸುತ್ತಾರೆ. ‘ಬಿಟ್ಟಿದ್ದೇನೆ’ ಎಂದರೆ ಸುಮ್ಮನಾಗುತ್ತಾರೆ.

ಬೇಸಿಗೆ: ಫೆಬ್ರವರಿ, ಮಾರ್ಚಿಯಲ್ಲಿ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ರಾತ್ರಿ ಕರೆಂಟು ಬರುವುದನ್ನು ಕಾಯುವುದು, ಪೈಪು ಬದಲಿಸುವ ಹೊತ್ತಿಗಾಗಿ ಕಾಯುವುದು ತಪ್ಪದು. ಕೈಗೆ ಕೆಲಸವಿಲ್ಲದ, ನಿದ್ದೆಯನ್ನೂ ಮಾಡಲಾಗದ ಈ ಕಾಯುವಿಕೆಯಲ್ಲಿ ಎಷ್ಟು ಬೀಡಿ ಸುಡುತ್ತದೆಂಬುದು ಸೇದಿದವರಿಗೇ ಗೊತ್ತು. ಕೈಗೆ ಏನಾದರೊಂದು ಕೆಲಸ ಕೊಡಿ. ರೇಡಿಯೋ ಇರಲಿ, ಹಗ್ಗ ಹೊಸೆಯುವುದಿರಲಿ, ಕತ್ತಿ ಮಸೆಯುವುದಿರಲಿ, ಫೋನಿನಲ್ಲಿ ಒಬ್ಬ ಗೆಳೆಯನೊಡನೆ ಮಾತಿರಲಿ. ಒಣಗಿದ ತರಗೆಲೆಯ ಮೇಲೆ ಬಿದ್ದ ಬೀಡಿ ತುಂಡು ತೋಟವನ್ನೇ ಸುಡಬಲ್ಲ ಕಾಲವೂ ಇದೇ ಎಂಬುದನ್ನು ಮರೆಯಬಾರದು.

ಬಿಡುವಿನ ದಿನಗಳು: ಮಾಲು ಮಾರಿ ಕೈಗೆ ಹಣ ಬಂದು, ಮದುವೆ ಮುಂಜಿಗಳಿಗೆ ಹೋಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಷ್ಟಕ್ಕಿಂತ ಸಂತೋಷವೇ ಶತ್ರು. ಸಂಜೆ ನೆಂಟರಿಷ್ಟರ ಜೊತೆ ಮದ್ಯ ಸೇವಿಸುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಮದ್ಯ ಒಳಗೆ ಹೋದೊಡನೆ ಸಂಕಲ್ಪ ಸಡಿಲವಾಗುತ್ತದೆ. ತಿಂಗಳುಗಟ್ಟಲೆ ಬಿಟ್ಟಿದ್ದವರು ಮತ್ತೆ ಹಿಡಿಯುವುದು ಅನೇಕ ವೇಳೆ ಇಂಥ ಸಂಜೆಗಳಲ್ಲಿ. ಮೊದಲ ವರ್ಷವಾದರೂ ಅದರಿಂದ ದೂರವಿರುವುದು ಕ್ಷೇಮ.

ಐದು ನಿಮಿಷದ ಹೋರಾಟ

ಸೆಳೆತ ಎಷ್ಟೇ ಬಲವಾಗಿರಲಿ, ಅದರ ಏರು ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ಸೇದಿದರೂ ಹೋಗುತ್ತದೆ, ಸೇದದಿದ್ದರೂ ಹೋಗುತ್ತದೆ. ವ್ಯತ್ಯಾಸವಿಷ್ಟೆ: ಸೇದಿದರೆ ಗಂಟು ಬಿಗಿಯಾಗುತ್ತದೆ, ಸೇದದಿದ್ದರೆ ಸಡಿಲವಾಗುತ್ತದೆ. ಆ ಕೆಲವು ನಿಮಿಷಗಳನ್ನು ಕಳೆಯಲು ಈ ಕ್ರಮಗಳನ್ನು ಅನುಸರಿಸಬಹುದು.

1. ‘ಹತ್ತು ನಿಮಿಷ ಬಿಟ್ಟು ನೋಡೋಣ’ ಎಂದು ಮುಂದೂಡಿ. ಜನ್ಮದಲ್ಲಿ ಮುಟ್ಟುವುದಿಲ್ಲವೆಂದು ಆಗ ಆಣೆ ಹಾಕಬೇಕಾಗಿಲ್ಲ. ಹತ್ತು ನಿಮಿಷ ಸಾಕು.

2. ಕುಳಿತಲ್ಲಿಂದ ಏಳಿ. ನಾಲ್ಕು ಗಿಡದ ಕಂಬಚಿಗುರು ತೆಗೆಯಿರಿ, ಅಂಗಳದ ಅಡಿಕೆಯನ್ನು ಒಮ್ಮೆ ಕೈಯಾಡಿಸಿ, ಕೊಟ್ಟಿಗೆಯ ಕಡೆಗೆ ನಡೆಯಿರಿ. ಜಾಗ ಬದಲಾದರೆ ನೆನಪೂ ಬದಲಾಗುತ್ತದೆ.

3. ನಿಧಾನವಾಗಿ ದೀರ್ಘ ಉಸಿರು ಎಳೆದು ಬಿಡಿ. ಬೀಡಿ ಎಳೆಯುವಾಗ ಸಿಗುತ್ತಿದ್ದ ಹಾಯೆನಿಸುವಿಕೆಯಲ್ಲಿ ಒಂದು ಪಾಲು ಈ ದೀರ್ಘ ಉಸಿರಿನದೇ.

4. ನೀರು, ಮಜ್ಜಿಗೆ, ಪುನರ್ಪುಳಿ ಪಾನಕ, ಯಾವುದಾದರೂ ಒಂದನ್ನು ಗುಟುಕು ಗುಟುಕಾಗಿ ಕುಡಿಯಿರಿ.

5. ಬಾಯಿಗೆ ಏನಾದರೂ ಬೇಕೆನಿಸಿದರೆ ನಮ್ಮ ತೋಟದ ಏಲಕ್ಕಿಯೇ ಇದೆ. ಲವಂಗ, ಸೋಂಪು, ಉಪ್ಪಿನಲ್ಲಿ ಒಣಗಿಸಿದ ನೆಲ್ಲಿಕಾಯಿ ಕೂಡ ಆದೀತು. ಸಿಹಿ, ಕರಿದ ತಿಂಡಿಗಳ ಕಡೆಗೆ ಕೈ ಹೋಗದಿರಲಿ. ಬಿಟ್ಟ ಮೊದಲ ವರ್ಷ ತೂಕ ಸರಾಸರಿ 4-5 ಕೆ.ಜಿ. ಏರುವುದುಂಟು. ಅದು ಬೀಡಿಯ ಕೇಡಿಗೆ ಹೋಲಿಸಿದರೆ ಅಲ್ಪವಾದರೂ ಸಕ್ಕರೆ ಕಾಯಿಲೆಯುಳ್ಳವರು ಲಕ್ಷ್ಯವಿಡಬೇಕು.

ಇದರೊಂದಿಗೆ ಒಂದು ಚಿಕ್ಕ ಪುಸ್ತಕವಿರಲಿ. ಸೆಳೆತ ಬಂದ ದಿನ, ಹೊತ್ತು, ಜಾಗ, ಆಗ ಮಾಡುತ್ತಿದ್ದ ಕೆಲಸ ಇಷ್ಟನ್ನೇ ಬರೆದಿಡಿ. ಕೂಲಿ ಪುಸ್ತಕ ಬರೆಯುವ ನಮಗೆ ಇದೇನೂ ಹೊಸ ಕೆಲಸವಲ್ಲ. ಎರಡು ತಿಂಗಳ ನಂತರ ಹಿಂದಿರುಗಿ ನೋಡಿದರೆ ಎರಡು ಸಂಗತಿ ಕಾಣುತ್ತದೆ. ಸೆಳೆತ ಎಲ್ಲೆಂದರಲ್ಲಿ ಬರುತ್ತಿಲ್ಲ, ನಾಲ್ಕೈದು ಗೊತ್ತಾದ ಜಾಗಗಳಲ್ಲಿ ಮಾತ್ರ ಬರುತ್ತಿದೆ ಎಂಬುದು ಒಂದು. ಅದು ವಿರಳವಾಗುತ್ತ ಬಂದಿದೆ ಎಂಬುದು ಇನ್ನೊಂದು.

ಕಾಫಿ ಕುಡಿಯುವವರು ಗಮನಿಸಬೇಕಾದ ಸಂಗತಿ

ಕಾಫಿ ಬೆಳೆಯುವ ನಾವು ಕಾಫಿಯನ್ನು ಬಿಡಿ ಎಂದು ಹೇಳಲಾರೆವು. ಹೇಳುವ ಅಗತ್ಯವೂ ಇಲ್ಲ. ಆದರೆ ಬಹಳ ಮಂದಿಗೆ ತಿಳಿಯದ ಒಂದು ವಿಷಯವಿದೆ. ಹೊಗೆಯಲ್ಲಿರುವ ಟಾರಿನ ಅಂಶಗಳು ಯಕೃತ್ತನ್ನು ಪ್ರಚೋದಿಸಿ, ಕಾಫಿಯ ಕೆಫೀನನ್ನು ದೇಹ ಬೇಗಬೇಗನೆ ಕರಗಿಸಿಬಿಡುವಂತೆ ಮಾಡುತ್ತವೆ. ಹೀಗಾಗಿ ಸೇದುವವನಿಗೆ ನಾಲ್ಕು ಲೋಟ ಕಾಫಿಯೂ ಹೆಚ್ಚೆನಿಸುವುದಿಲ್ಲ. ಸೇದುವುದನ್ನು ಬಿಟ್ಟ ಕೆಲವೇ ದಿನಗಳಲ್ಲಿ ಈ ಪ್ರಚೋದನೆ ನಿಂತುಹೋಗುತ್ತದೆ. ಮೊದಲಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಮೊದಲಿನ ಎರಡು ಪಟ್ಟಿನಷ್ಟಾಗಬಹುದು. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ರಾತ್ರಿ ನಿದ್ದೆ ಬಾರದಿರುವುದು, ಕಾರಣವಿಲ್ಲದ ಚಡಪಡಿಕೆ ಇವೆಲ್ಲ ಬೀಡಿ ಇಲ್ಲದ್ದರಿಂದ ಎಂದು ಅವನು ಭಾವಿಸುತ್ತಾನೆ. ಎಷ್ಟೋ ವೇಳೆ ಅದು ಕಾಫಿ ಹೆಚ್ಚಾದದ್ದರಿಂದ.

ಆದ್ದರಿಂದ ಬಿಟ್ಟ ಮೇಲೆ ಕಾಫಿಯನ್ನು ಅರ್ಧಕ್ಕೆ ಇಳಿಸುವುದು ಒಳ್ಳೆಯದು. ನಾಲ್ಕು ಲೋಟದವರು ಎರಡಕ್ಕೆ ಬರಲಿ. ಮಧ್ಯಾಹ್ನದ ನಂತರ ಬೇಡ. ರೊಬಸ್ಟಾ ಬೀಜದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟಿರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಮನೆಯಲ್ಲೇ ಹುರಿದು ಪುಡಿ ಮಾಡಿಕೊಳ್ಳುವವರು ಅರೇಬಿಕಾ ಹೆಚ್ಚು ಸೇರಿಸಿ, ಬೇಕಿದ್ದರೆ ತುಸು ಚಿಕೋರಿ ಬೆರೆಸಿಕೊಂಡರೆ ರುಚಿಯೂ ಉಳಿಯುತ್ತದೆ, ಭಾರವೂ ಇಳಿಯುತ್ತದೆ.

ಕಾಫಿಯ ಲೋಟವೇ ಬೀಡಿಯನ್ನು ನೆನಪಿಗೆ ತರುವುದೂ ಉಂಟು. ಜಗಲಿಯ ಕಟ್ಟೆಯ ಮೇಲೆ ಕೂತು ಕಾಫಿ ಕುಡಿದು ಬೀಡಿ ಹಚ್ಚುತ್ತಿದ್ದವರು ಕೆಲವು ತಿಂಗಳು ಅಡಿಗೆಮನೆಯಲ್ಲಿ ಮನೆಯವರ ಜೊತೆ ಕೂತು ಕುಡಿಯಲಿ. ಕುಡಿದ ಕೂಡಲೇ ಏಳಲಿ.

ಇದೇ ಕಾರಣಕ್ಕೆ, ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ ತೆಗೆದುಕೊಳ್ಳುವವರು ಬೀಡಿ ಬಿಟ್ಟ ವಿಷಯವನ್ನು ಡಾಕ್ಟರರಿಗೆ ತಿಳಿಸಲೇಬೇಕು. ಆ ಮಾತ್ರೆಯ ಪ್ರಮಾಣವನ್ನೂ ಇಳಿಸಬೇಕಾಗಿ ಬರಬಹುದು.

ಹೊಗೆಯ ಬದಲು ಹೊಗೆಸೊಪ್ಪು ಬೇಡ

ಬೀಡಿ ಬಿಟ್ಟವರು ಬಾಯಿಗೆ ಏನಾದರೂ ಬೇಕೆಂದು ಕವಳಕ್ಕೆ ಹೊಗೆಸೊಪ್ಪು ಸೇರಿಸಿಕೊಳ್ಳುವುದನ್ನು ಊರೂರಲ್ಲೂ ನೋಡುತ್ತೇವೆ. ಇದು ಚಟವನ್ನು ಬಿಟ್ಟಂತಲ್ಲ, ಬಾಗಿಲು ಬದಲಾಯಿಸಿದಂತೆ. ಹೊಗೆಸೊಪ್ಪಿನಲ್ಲಿರುವುದೂ ಅದೇ ನಿಕೋಟಿನ್. ಸುಣ್ಣದ ಕ್ಷಾರಗುಣ ಅದನ್ನು ಬಾಯಿಯ ಒಳಪೊರೆಯ ಮೂಲಕ ಇನ್ನೂ ಬೇಗ ರಕ್ತಕ್ಕೆ ಸೇರಿಸುತ್ತದೆ. ಹೊಗೆಸೊಪ್ಪಿನ ಕವಳದಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂಬುದರಲ್ಲಿ ಸಂದೇಹವಿಲ್ಲ. ಕರ್ನಾಟಕದಲ್ಲಿ ಗುಟ್ಕಾವನ್ನು 2013ರಲ್ಲಿ ನಿಷೇಧಿಸಲಾಯಿತು.

ಅಡಿಕೆ ಬೆಳೆಗಾರರ ಪತ್ರಿಕೆಯಾಗಿ ಇಲ್ಲಿ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬೆಳೆಗಾರರ ಸಂಘಟನೆಗಳು ಇದಕ್ಕೆ ಆಕ್ಷೇಪಣೆ ಎತ್ತಿವೆ. ಬೆಳೆಯ ಮಾರುಕಟ್ಟೆಯ ಹಿತ ನೋಡುವುದು ಎಷ್ಟು ನಮ್ಮ ಕರ್ತವ್ಯವೋ ಬೆಳೆಗಾರನ ಬಾಯಿಯ ಹಿತ ನೋಡುವುದೂ ಅಷ್ಟೇ ಕರ್ತವ್ಯ. ಬೀಡಿಯ ಚಪಲ ತೀರಿಸಲು ದಿನವಿಡೀ ಅಡಿಕೆ ಅಗಿಯುವ ಹೊಸ ಅಭ್ಯಾಸವನ್ನು ಯಾರೂ ಹಚ್ಚಿಕೊಳ್ಳಬಾರದು. ಬಾಯಿಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ಬಿಗಿತ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಡಾಕ್ಟರರಿಗೆ ತೋರಿಸತಕ್ಕದ್ದು.

ವಿದ್ಯುತ್ ಸಿಗರೇಟು ಎಂಬುದನ್ನು ಕೆಲವು ಯುವಕರು ಹೇಳುತ್ತಾರೆ. ಅದರ ಮಾರಾಟವನ್ನು ಭಾರತದಲ್ಲಿ 2019ರಿಂದ ಕಾನೂನಿನ ಮೂಲಕ ನಿಷೇಧಿಸಲಾಗಿದೆ.

ಔಷಧಿಯ ನೆರವು

ಬರೀ ಮನೋಬಲದಿಂದಲೇ ಗೆಲ್ಲಬೇಕೆಂಬ ನಿಯಮವಿಲ್ಲ. ನಿಕೋಟಿನ್ ಇರುವ ಅಗಿಯುವ ಗಮ್ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಇದನ್ನು ಮಿಠಾಯಿಯಂತೆ ಒಂದೇ ಸಮನೆ ಅಗಿಯಬಾರದು. ನಾಲ್ಕಾರು ಬಾರಿ ಅಗಿದು, ಖಾರದ ಚುರುಕು ಹತ್ತಿದೊಡನೆ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಂಡು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಗಮ್ ಹಾಕಿಕೊಳ್ಳುವ 15 ನಿಮಿಷ ಮುಂಚೆಯಿಂದ ಅದು ಬಾಯಲ್ಲಿರುವ ತನಕ ಕಾಫಿಯನ್ನಾಗಲಿ ಹುಳಿಯ ಪಾನಕವನ್ನಾಗಲಿ ಕುಡಿಯಬಾರದು; ಹುಳಿ ಅಂಶವಿದ್ದರೆ ಔಷಧಿ ಹೀರಿಕೊಳ್ಳುವುದಿಲ್ಲ. ‘ಗಮ್ ಅಗಿದೆ, ಏನೂ ಉಪಯೋಗವಾಗಲಿಲ್ಲ’ ಎನ್ನುವ ಕಾಫಿಪ್ರಿಯರು ಇದನ್ನು ಗಮನಿಸಬೇಕು. ಹೃದಯದ ತೊಂದರೆಯುಳ್ಳವರೂ ಗರ್ಭಿಣಿಯರೂ ಡಾಕ್ಟರರನ್ನು ಕೇಳದೆ ಬಳಸಬಾರದು. ಚರ್ಮಕ್ಕೆ ಅಂಟಿಸುವ ಪಟ್ಟಿಗಳು, ಸೆಳೆತವನ್ನು ತಗ್ಗಿಸುವ ಮಾತ್ರೆಗಳು ಸಹ ಇವೆ. ಅವುಗಳ ವಿಚಾರವನ್ನೂ ಡಾಕ್ಟರರಲ್ಲಿ ಕೇಳಬಹುದು.

ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ತಂಬಾಕು ಬಿಡುವವರ ಸಹಾಯವಾಣಿಯ ಸಂಖ್ಯೆ 1800-11-2356. ಕರೆಗೆ ಹಣ ತಗಲುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಕಾರ್ಯದಲ್ಲಿ ಸೇರಿರುವುದರಿಂದ ಕನ್ನಡದಲ್ಲಿಯೇ ಮಾತನಾಡಬಹುದು. ಬಿಟ್ಟ ಮೇಲೆ ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸು ಕುಗ್ಗಿದಂತಿದ್ದು, ಊಟ ನಿದ್ದೆ ಸೇರದಿದ್ದರೆ ಅದನ್ನು ಬೀಡಿಯ ಚಪಲವೆಂದು ತಳ್ಳಿಹಾಕದೆ ವೈದ್ಯರ ಸಲಹೆ ಪಡೆಯಬೇಕು.

ಒಮ್ಮೆ ಎಡವಿದರೆ

ಎಷ್ಟೇ ಎಚ್ಚರವಿದ್ದರೂ ಒಂದು ಸಂಜೆ ಒಂದು ಬೀಡಿ ಸೇದಿಹೋಗಬಹುದು. ಆಗ ‘ಇಷ್ಟಾಯಿತಲ್ಲ, ಇನ್ನು ಕಟ್ಟು ಮುಗಿಸಿಯೇ ಬಿಡೋಣ’ ಎನ್ನುವ ಬುದ್ಧಿಯೇ ನಿಜವಾದ ಅಪಾಯ. ಕೊಳೆರೋಗಕ್ಕೆ ಒಂದು ಮರದ ಕೊನೆ ಉದುರಿತೆಂದು ಯಾರೂ ತೋಟವನ್ನೇ ಕಡಿಯುವುದಿಲ್ಲ. ಉಳಿದ ಬೀಡಿಗಳನ್ನು ಒಲೆಗೆ ಹಾಕಿ, ಅದು ಯಾವ ಹೊತ್ತು, ಯಾವ ಜಾಗವೆಂದು ಪುಸ್ತಕದಲ್ಲಿ ಬರೆದು, ಮರುದಿನದಿಂದಲ್ಲ, ಆ ಕ್ಷಣದಿಂದಲೇ ಮತ್ತೆ ಬಿಟ್ಟವರಾಗಬೇಕು. ಶಾಶ್ವತವಾಗಿ ಬಿಟ್ಟವರಲ್ಲಿ ಅನೇಕರು ಹಲವು ಬಾರಿ ಪ್ರಯತ್ನಿಸಿ ಗೆದ್ದವರೇ.

ಮನೆಯವರೂ ತೋಟದವರೂ

ಬಿಟ್ಟವನ ಸಿಡುಕನ್ನು ಮೊದಲು ಅನುಭವಿಸುವವರು ಮನೆಯ ಹೆಂಗಸರು. ‘ಈ ಸಿಟ್ಟಿಗಿಂತ ಬೀಡಿಯೇ ವಾಸಿಯಿತ್ತು’ ಎಂಬ ಮಾತು ಅವರ ಬಾಯಿಂದ ಬಾರದಿರಲಿ. ಕೆಲವು ವಾರಗಳ ತಾಳ್ಮೆ ಇಡೀ ಸಂಸಾರವನ್ನು ಉಳಿಸುತ್ತದೆ. ಬಿಟ್ಟ ಒಂದು ವರ್ಷಕ್ಕೆ, ಸೇದುವುದರಿಂದ ಹೆಚ್ಚಾಗಿದ್ದ ಹೃದಯಾಘಾತದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದನ್ನು ಎಲ್ಲರೂ ನೆನಪಿಡಬೇಕು.

ತೋಟದ ಒಡೆಯರಾದ ನಮಗೆ ಇನ್ನೊಂದು ಹೊಣೆಯೂ ಇದೆ. ಕೆಲಸದವರಿಗೆ ಬೀಡಿ, ಹೊಗೆಸೊಪ್ಪು ಕೊಡುವುದು ಆದರದ ಪದ್ಧತಿಯಾಗಿ ನಡೆದುಬಂದಿದೆ. ಅವರಲ್ಲಿಯೂ ಬಿಡಬೇಕೆನ್ನುವವರು, ಬಿಟ್ಟು ಒದ್ದಾಡುತ್ತಿರುವವರು ಇದ್ದಾರೆ. ಆ ತಟ್ಟೆಯಲ್ಲಿ ಬೀಡಿಯ ಬದಲು ಬೆಲ್ಲ ಮತ್ತು ನೀರು, ಬಾಳೆಹಣ್ಣು, ಬಿಸಿ ಕಷಾಯ ಇದ್ದರೆ ಆದರಕ್ಕೇನೂ ಕೊರತೆಯಾಗದು. ಬೀಡಿ ಸಣ್ಣದು, ಸಿಗರೇಟಿನಷ್ಟು ಕೆಟ್ಟದ್ದಲ್ಲವೆಂಬ ನಂಬಿಕೆಯೂ ತಪ್ಪು. ಬೀಡಿ ಆರದಂತೆ ಮತ್ತೆ ಮತ್ತೆ ಎಳೆಯಬೇಕಾಗುವುದರಿಂದ ಒಳಹೋಗುವ ನಿಕೋಟಿನ್ ಮತ್ತು ಟಾರು ಸಿಗರೇಟಿಗಿಂತ ಕಡಿಮೆಯೇನಲ್ಲ.

ಕೊನೆಗೆ ಹಣದ ಲೆಕ್ಕ. ದಿನಕ್ಕೆ 100 ರೂಪಾಯಿಯ ಸಿಗರೇಟು ಸುಡುತ್ತಿದ್ದವರು ವರ್ಷಕ್ಕೆ 36,500 ರೂಪಾಯಿ ಉಳಿಸುತ್ತಾರೆ. ಅದನ್ನು ಕೈಯಲ್ಲಿಟ್ಟುಕೊಂಡರೆ ಕರಗಿಹೋದೀತು. ತಿಂಗಳಿಗೊಮ್ಮೆ ಸಹಕಾರ ಸಂಘದ ಉಳಿತಾಯ ಖಾತೆಗೆ ಕಟ್ಟುವುದು ಉತ್ತಮ. ಮುಂದಿನ ಕುಯ್ಲಿನ ಹೊತ್ತಿಗೆ ಚಪ್ಪರದಲ್ಲಿ ಯಾರಾದರೂ ಬೀಡಿ ನೀಡಿದಾಗ, ‘ಬಿಟ್ಟಿದ್ದೇನೆ’ ಎಂಬ ಮಾತಿಗೆ ಆ ಪಾಸುಪುಸ್ತಕವೂ ಬಲ ಕೊಡುತ್ತದೆ.